ಬಕೆಟ್ಟಿನ ನೆರಳು

ರಿಪೇರಿಗೆ ವಾಡಿಯಿಂದ ಬರುತ್ತಿದ್ದ ಮಿಸ್ತ್ರಿ, ಕಲ್ಲು ತುಂಬುವ ಲೋಡರಿನ ಬಕೆಟ್ ಮೇಲೆತ್ತಿಸಿ, ಇಂಜಿನ್ ಬಂದ್ ಮಾಡಿಸುತ್ತಿದ್ದ. ಆಮೇಲೆ ಬಕೆಟ್ಟನ್ನು ಎತ್ತಿಹಿಡಿಯುವ ಜಾಕಿನ ರಾಡಿಗೆ ಸೀಮೆಸುಣ್ಣದ ಗೆರೆ ಎಳೆದು ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. ಜಾಕಿನೊಳಗಿನ ಸೀಲ್ ಹೋಗಿದ್ದರೆ ಎಣ್ಣೆ ಜಾರಿ, ಬಕೆಟ್ ತಾನಾಗಿ ಇಳಿಯುತ್ತದೆ. ಕೂರುವ ಮೊದಲು ಪ್ರತಿ ಸಲ ಕೂಗುತ್ತಿದ್ದ: “ಕೆಳಗ ಯಾರರೆ ಅದಾರೇನ್ರಿ?”

ಶಹಾಬಾದಿನ ನಮ್ಮ ಕಲ್ಲಿನ ಖಣಿಯಲ್ಲೂ ಆ ಮಧ್ಯಾಹ್ನ ಹಾಗೇ ಕೂಗಿ ಕೂತ. ನಾನು ಡ್ರೈವರ್ ಸೀಟಿನಲ್ಲಿದ್ದೆ. ಹಳೇ ಚೈನ್ ಲೋಡರಿನ ಬಕೆಟ್ ಮೆಲ್ಲಗೆ ಇಳಿಯುತ್ತಾ ಬಂದು, ಅರ್ಧಕ್ಕೆ ನಿಂತುಬಿಟ್ಟಿತು. ಸೀಲ್ ಹೋದ ಬಕೆಟ್ ಹಾಗೆ ನಡುವೆ ನಿಲ್ಲುವುದಿಲ್ಲ.

“ಕೆಳಗ ಯಾರೂ ಇಲ್ರಿ ಉಸ್ತಾದ್. ಲಿವರ್ ಒತ್ತಿ ಇಳಸ್ಲೇನು?” ಅಂದೆ.

“ಗಪ್ ಕುಂದರ್ರಿ. ಯಾವನೋ ಮಕ್ಕೊಂಡಾನ.”

ಲಿವರಿನಿಂದ ಕೈ ತೆಗೆದೆ. ಖಣಿಯಲ್ಲಿ ಗಿಡವಿಲ್ಲ, ಬೇರೆ ನೆರಳಿಲ್ಲ. ಹಿಂದಿನ ಬೇಸಿಗೆಯಲ್ಲಿ ಎತ್ತಿದ ಇದೇ ಬಕೆಟ್ಟಿನಡಿ ಮಲಗಿದ ಆಳೊಬ್ಬ, ಅದು ಮೈಮೇಲೆ ಇಳಿದು, ಮತ್ತೆ ಏಳಲಿಲ್ಲ. ಅದನ್ನು ಮಿಸ್ತ್ರಿಗೆ ನಾವ್ಯಾರೂ ಹೇಳಿರಲಿಲ್ಲ.

ಅವನು ಬಗ್ಗಿ, ಮನೆಯವರನ್ನು ಎಬ್ಬಿಸುವ ದನಿಯಲ್ಲಿ, “ಏಳಪ್ಪ, ಬಿಸಲು ಇಳದದ” ಅಂದ. ಸ್ವಲ್ಪ ಹೊತ್ತು ಕಾದ. ಬಕೆಟ್ ಮತ್ತೆ ಇಳಿಯತೊಡಗಿತು.

ಸೀಲ್ ಬದಲಿಸಿ ಹೊರಡುವಾಗ, “ಅವಗ ಒಂದು ನೆಳ್ಳ ಮಾಡಿ ಕೊಡ್ರಿ” ಅಂದ. ಅಷ್ಟೇ ಅಂದದ್ದು.

ಪರಸಿಕಲ್ಲಿನ ಚಪ್ಪಡಿಗಳನ್ನು ಒರಗಿಸಿ ನೆರಳು ಮಾಡಿಕೊಟ್ಟೆವು. ಎಂಥ ಬಿಸಿಲಿದ್ದರೂ ನಮ್ಮಲ್ಲಿ ಯಾರೂ ಅಲ್ಲಿ ಕೂರುವುದಿಲ್ಲ. ಆ ಕಡೆ ಹೋಗಬೇಕಾದರೆ ಸುತ್ತು ಹಾಕಿಕೊಂಡೇ ಹೋಗುತ್ತೇವೆ. ಮಲಗಿದವರನ್ನು ದಾಟಬಾರದು.