ದಡಿ ಇಲ್ಲದ ವಿಡಿಯೋ

ಔರಾದಿನ ನಮ್ಮ ಶಾಲೆಗೆ ಬೀದರಿನ ಚಿದ್ರಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ವಿಜ್ಞಾನದ ಮಾಸ್ತರರೊಬ್ಬರಿದ್ದರು. ಪಾಠದ ಸ್ಲೈಡಿಗೆ ಯಾವ ವಿಡಿಯೋ ಸೇರಿಸಿದರೂ ಅದಕ್ಕೊಂದು ಅಂಚು ಹಾಕದೆ ಬಿಡುತ್ತಿರಲಿಲ್ಲ. ಅಗಲವಾದ ಕಪ್ಪು ಪಟ್ಟಿ, ಅದರ ಮೇಲೆ ಬಿದರಿ ಹೂಜಿಯಲ್ಲಿರುವಂಥ ಬೆಳ್ಳಿ ಬಳ್ಳಿ. ಕಪ್ಪೆ ಈಜುವ ವಿಡಿಯೋದಲ್ಲಿ ಪಾಪ, ಕಪ್ಪೆಯ ಹಿಂಗಾಲುಗಳೇ ಆ ಬಳ್ಳಿಯಡಿ ಮರೆಯಾಗಿದ್ದವು. ಸಹೋದ್ಯೋಗಿಗಳಾದ ನಾವು ನಕ್ಕರೆ ಕನ್ನಡಕವನ್ನು ಹಣೆಗೇರಿಸಿ, "ದಡಿ ಇಲ್ಲದ ಸೀರಿ ಯಾರ ಉಡ್ತಾರ್ರಿ?" ಎನ್ನುತ್ತಿದ್ದರು.

ಅವರ ಹೆಂಡತಿ ತೀರಿಕೊಂಡಾಗ ಚರ್ಚಿನಲ್ಲಿ ಜ್ಞಾಪಕಾರ್ಥ ಕೂಟವಿತ್ತು. ಪರದೆಯ ಮೇಲಿನ ಸ್ಲೈಡುಗಳನ್ನು ಅವರೇ ಮಾಡಿದ್ದರು. ಫೋಟೊಗಳಿಗೆಲ್ಲ ಅದೇ ಬಳ್ಳಿ. ಕೊನೆಯಲ್ಲಿ ಬಂದ ಕ್ರಿಸ್‌ಮಸ್ ಹಾಡಿನ ವಿಡಿಯೋಗೆ ಮಾತ್ರ ಅಂಚಿರಲಿಲ್ಲ. ದುಃಖದಲ್ಲಿ ಮರೆತಿರಬೇಕು ಎಂದುಕೊಂಡೆ. ಆಮೇಲೆ ಚಹಾ ಕುಡಿಯುವಾಗ ಕೇಳಿಯೂ ಬಿಟ್ಟೆ.

"ಸರ್, ಕೊನೀ ವಿಡಿಯೋಕ್ಕ ದಡಿ ಹಾಕಿಲ್ಲಲ್ರಿ?"

ಅವರು ಬಸಿಯಲ್ಲಿ ಚಹಾ ಆರಿಸುತ್ತ ಮೆಲ್ಲಗೆ ಹೇಳಿದರು.

"ಹಾಕಿ ನೋಡೀನ್ರಿ. ಆಕಿದು ಇರೋದು ಅದೊಂದೇ ವಿಡಿಯೋ. ಹಾಡೋರ ಸಾಲಿನ್ಯಾಗ ಎಲ್ಲಾರ್ಕಿಂತ ತುದೀಗಿ ನಿಂತಾಳ. ದಡಿ ಹಾಕಿದ್ರ ಆಕೀನೇ ಕಾಣಲ್ರಿ."