ಓಸ್ಲಾಳ ಪಾಲಿನ ಮಾತು

ಎಪ್ಪತ್ತರ ಹತ್ತಿರದ ಮುದುಕಿಯೊಬ್ಬಳು ಇಪ್ಪತ್ತೈದರ ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಪಟ್ಟಳೆಂದರೆ ಕೇಳಿದವರು ನಗುತ್ತಾರೆ. ನಗಲಿ. ನಗುವವರು ಓಸ್ಲಾಳಂತೆ ನಲವತ್ತು ವರ್ಷ ಗಾಳಕ್ಕೆ ಎರೆ ಸಿಕ್ಕಿಸಿದವರಲ್ಲ.

ಶೆಟ್ಲೆಂಡ್ ದ್ವೀಪಗಳ ಆ ದಂಡೆಯಲ್ಲಿ ಬೆಸ್ತರ ಹೆಂಡಿರಿಗೆ ಅದೇ ಕೆಲಸ. ನೀರು ಇಳಿದಾಗ ಬಂಡೆಯಿಂದ ಚಿಪ್ಪು ಕಿತ್ತು ತರಬೇಕು, ಮಾಂಸ ಬಿಡಿಸಬೇಕು, ಒಂದೊಂದು ಹಗ್ಗದ ನೂರಾರು ಗಾಳಗಳಿಗೆ ಚುಚ್ಚಿ, ಸಿಕ್ಕಾಗದಂತೆ ಬುಟ್ಟಿಯಲ್ಲಿ ಸುತ್ತಿಡಬೇಕು. ದೋಣಿಯ ಒಂದೊಂದು ಸಾಮಾನೂ ಓಸ್ಲಾಳ ಕೈ ದಾಟಿಯೇ ಹೋಗುತ್ತಿತ್ತು. ಅವುಗಳ ಕಡಲ ಹೆಸರು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ದೋಣಿ ದಡ ಬಿಟ್ಟ ಮೇಲೆ ಗಂಡಸರು ಚೂರಿಯನ್ನು ಚೂರಿ ಎನ್ನುತ್ತಿರಲಿಲ್ಲ, ಹಾಯಿಕಂಬವನ್ನು ಕಂಬ ಎನ್ನುತ್ತಿರಲಿಲ್ಲ. ಮನೆಯ ಹೆಸರು ಹಿಡಿದರೆ ಕಡಲು ಮುನಿಯುತ್ತದಂತೆ. ಅಲ್ಲಿ ಎಲ್ಲಕ್ಕೂ ಬೇರೆಯೇ ಹೆಸರು. ದಡಕ್ಕೆ ಬಂದರೋ, ಬಾಯಿಗೆ ಬೀಗ.

ಮದುವೆಯಾದ ಹೊಸದರಲ್ಲಿ ಅವಳು ಗಂಡ ರಾಸ್ಮಿಯನ್ನು ಕಾಡಿದ್ದುಂಟು. "ಒಂದೇ ಒಂದು ಹೇಳೋ."

"ಹೆಂಗಸರ ಕಿವಿಗೆ ಬಿದ್ರೆ ಮಾತು ಕೆಟ್ಟುಹೋಗುತ್ತೆ ಕಣೇ."

ಇಂಥ ರಾಸ್ಮಿ ಈಗ ಮೂರು ಮಧ್ಯಾಹ್ನಗಳಿಂದ ಎಡಿನ್‌ಬರೋದಿಂದ ಬಂದ ಮಿಸ್ ಕಿನ್ನಿಯರ್ ಎದುರು ಕೂತು ಆ ಮಾತುಗಳನ್ನೇ ಮೊಗೆಮೊಗೆದು ಕೊಡುತ್ತಿದ್ದ. ಹಳೆಯ ಮಾತು ಕೂಡಿಡುವುದು ಆ ಹುಡುಗಿಯ ಕೆಲಸವಂತೆ. ರಾಸ್ಮಿ ತಲೆ ಬಾಚಿದ್ದ, ಭಾನುವಾರದ ಸ್ವೆಟರ್ ಹಾಕಿದ್ದ. ಮುಖ ಊರಗಲ.

"ಚೂರಿಗೆ ರ‍್ಯಾಗರ್. ಬರಕೊಂಡ್ಯಾ ಮಗಾ? ಕಂಬಕ್ಕೆ ಸ್ಟೆಂಗ್."

"ಎಷ್ಟು ಚೆನ್ನಾಗಿದೆ ಅಜ್ಜಾ!" ಎಂದು ಹುಡುಗಿ ಪೆನ್ಸಿಲ್ ಓಡಿಸಿದಳು.

ಮೂಲೆಯಲ್ಲಿ ಹೆಣೆಯುತ್ತ ಕೂತಿದ್ದ ಓಸ್ಲಾಳ ಮೈಯೆಲ್ಲ ಕಿವಿ. ಆ ಚೂರಿಯನ್ನು ವಾರವಾರವೂ ಮಸೆದು ಕೊಟ್ಟವಳು ಯಾರು? ಹುಡುಗಿಯ ಬೆರಳು ನೋಡಿದಳು. ಒಂದು ಗೀರಿಲ್ಲ. ಬೇಕೆಂದೇ ಅವಳ ಟೀಗೆ ಸಕ್ಕರೆ ಹಾಕಲಿಲ್ಲ. ಹುಡುಗಿ ಗೊತ್ತಾಗದವಳಂತೆ ಕುಡಿದಳು, ಅದು ಇನ್ನಷ್ಟು ಉರಿಸಿತು.

ನಿನ್ನೆ ಅವಳು ಹೋದ ಮೇಲೆ ಓಸ್ಲಾ ಕೇಳಿಯೇಬಿಟ್ಟಿದ್ದಳು. "ಅವಳೇನು ಹೆಂಗಸಲ್ವಾ? ಅವಳ ಕಿವಿಗೆ ಬಿದ್ರೆ ಕೆಡೋದಿಲ್ವಾ?"

"ಇನ್ನು ಕೆಟ್ರೆ ಏನು? ಕಡಲಿಗೆ ಹೋಗೋದು ಮುಗೀತು, ದೋಣಿ ದಡಕ್ಕೆ ಎಳೆದಾಯ್ತು. ಜೊತೆಗಿದ್ದ ಐದೂ ಜನ ಮಣ್ಣಲ್ಲಿದ್ದಾರೆ."

"ಹಾಗಾದ್ರೆ ನನಗೆ ಹೇಳಬಹುದಿತ್ತಲ್ಲ, ಮುದುಕಾ."

"ನೀನು ಕೇಳೋದು ಬಿಟ್ಟು ನಲವತ್ತು ವರ್ಷ ಆಯ್ತು" ಎಂದು ರಾಸ್ಮಿ ಪೈಪಿಗೆ ಬೆಂಕಿ ಹಚ್ಚಿದ್ದ.

ಇವತ್ತು ಹುಡುಗಿ ದೋಣಿಯ ಸಾಮಾನು ಮುಗಿಸಿ ಹಾಳೆ ಮಗುಚಿದಳು. "ಅಜ್ಜಾ, ಹೆಂಡತಿಯ ಹೆಸರು ಹಿಡೀಬಾರದು ಅಂತಲೂ ಇತ್ತಂತೆ? ಏನಂತಿದ್ರಿ?"

ಹೆಣಿಗೆಯ ಕಡ್ಡಿ ನಿಂತಿತು. ರಾಸ್ಮಿ ಒಲೆಯ ಕಡೆ ತಿರುಗಿ ಒಂದು ಮಾತು ಹೇಳಿದ. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ, ಯಾಕೆಂದು ಈಗಲೇ ತಿಳಿಯುತ್ತದೆ.

"ಅಂದ್ರೆ?"

"ಮನೇಲಿರೋಳು ಅಂತ. ಬಿರುಗಾಳಿಗೆ ಸಿಕ್ಕಿ ಎರಡು ದಿನ ದಡ ಕಾಣದೇ ಹೋದಾಗ ನಾವು ಆರು ಜನಾನೂ ಹುಟ್ಟು ಹಾಕ್ತಾ ಅದೊಂದನ್ನೇ ಹೇಳ್ತಿದ್ವಿ. ಬೇರೇನೂ ಬಾಯಿಗೆ ಬರಲಿಲ್ಲ."

ಹುಡುಗಿ ಬರೆದುಕೊಂಡಳು. ಓಸ್ಲಾ ಎದ್ದು ಬಂದು ಅವಳ ಹೆಗಲ ಹಿಂದೆ ನಿಂತಳು. ನಲವತ್ತು ವರ್ಷ ಕಡಲಲ್ಲಿ ತನ್ನನ್ನು ಕರೆದ ಹೆಸರು, ತನಗಿಂತ ಮೊದಲು ಇವಳ ಪುಸ್ತಕಕ್ಕೆ ಹೋಗಿ ಕೂತಿತ್ತು.

"ಅಳಿಸು."

"ಅಮ್ಮಾ?"

"ಚೂರಿ, ಕಂಬ ಎಲ್ಲ ತಗೊಂಡು ಹೋಗು ತಾಯಿ, ಬೇಡ ಅನ್ನಲ್ಲ. ಅದೊಂದನ್ನ ಅಳಿಸು. ಅದು ನಂದು."

ಹುಡುಗಿ ರಾಸ್ಮಿಯ ಕಡೆ ನೋಡಿದಳು. "ಅಳಿಸಿಬಿಡು ಮಗಾ" ಎಂದ ಅವನು, ತಲೆ ಎತ್ತದೆ.

ಕಾಗದ ಬೆಳ್ಳಗಾಗುವವರೆಗೂ ಓಸ್ಲಾ ಕದಲಲಿಲ್ಲ. ಆಮೇಲೆ ಹುಡುಗಿಯ ಕೋಟನ್ನು ತಾನೇ ತಂದು ಕೊಟ್ಟು, ಬಾಗಿಲವರೆಗೆ ಕಳಿಸಿ, ಅಗಳಿ ಹಾಕಿದಳು. ಬಂದು ಹುಡುಗಿ ಕೂತಿದ್ದ ಕುರ್ಚಿಯಲ್ಲೇ ಕೂತಳು.

"ಈಗ ಹೇಳು," ಎಂದಳು. "ಒಲೆ ಕಡೆಗಲ್ಲ. ನನ್ನ ಕಡೆ ತಿರುಗಿ ಹೇಳು."