ಹೊಟ್ಟೆ ಕೆಟ್ಟ ಮೇಷ್ಟ್ರು

ಕೆಂಪು ಸೋಪಿನ ಹೊದಿಕೆ ಬಿಚ್ಚಿದಾಗಲೆಲ್ಲ ನನಗೆ ಆ ಬೆಳಗಿನ ಐದೂ ಇಪ್ಪತ್ತು ನೆನಪಾಗುತ್ತದೆ. ಆಸ್ಪತ್ರೆಯಂಥ ಆ ವಾಸನೆ ನಮ್ಮ ಮೇಷ್ಟ್ರ ಕೈಯಲ್ಲಿ ಸದಾ ಇರುತ್ತಿತ್ತು. ಶಾಲೆಯ ಮೇಷ್ಟ್ರಲ್ಲ, ಕುಡಿಯುವ ನೀರಿನ ಕೆಲಸಗಾರರಿಗೆ ಶುಚಿತ್ವ ಕಲಿಸುತ್ತಿದ್ದವರು. ಹರಿಹರದಿಂದ ಬಸ್ಸಿನಲ್ಲಿ ದಾವಣಗೆರೆಗೆ ಬರುತ್ತಿದ್ದರು. ನಾನಾಗ ಬಿ.ಎಸ್ಸಿ. ಮುಗಿಸಿ, ಬಡಾವಣೆಯೊಂದರ ಟ್ಯಾಂಕಿನ ನೀರು ಪರೀಕ್ಷಿಸುವ ಕೆಲಸಕ್ಕೆ ಸೇರಿದ್ದೆ.

ಕೈ ತೊಳೆಯುವುದು, ಚರಂಡಿಗೆ ಬಳಸಿದ ಸಲಿಕೆಯನ್ನು ಕುಡಿಯುವ ನೀರಿನ ಪೈಪಿನ ಹತ್ತಿರ ತರದಿರುವುದು, ಎಲ್ಲವನ್ನೂ ಅವರು ಕಲಿಸುತ್ತಿದ್ದರು. ಆದರೆ ಅವರ ಹಟವೆಲ್ಲ ಒಂದೇ ವಾಕ್ಯದ ಮೇಲೆ. ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಿ, "ನನಗೆ ಭೇದಿ ಆಗೈತೆ, ಇವತ್ತು ಟ್ಯಾಂಕಿಗೆ ಇಳಿಯಲ್ಲ" ಎಂದು ಗಟ್ಟಿಯಾಗಿ ಹೇಳಿಸುತ್ತಿದ್ದರು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು.

"ನಗ್ರಿ, ಇಲ್ಲೇ ನಕ್ಕು ಮುಗಿಸ್ರಿ. ಅಲ್ಲಿ ನಾಚ್ಕೊಂಡ್ರೆ ಊರಿಗೆಲ್ಲ ಹಂಚ್ತೀರಿ."

ಟ್ಯಾಂಕ್ ತೊಳೆಯುವ ಗುಂಪಿನಲ್ಲಿ ಆಗಷ್ಟೇ ಮದುವೆಯಾದವನೊಬ್ಬನಿದ್ದ. ಹೆಂಡತಿಯ ಊರು ಕೊಕ್ಕನೂರು. ಆ ಬೆಳಗಿನ ಹಿಂದಿನ ದಿನ ಅವನು ಉಳಿದವರೊಂದಿಗೆ ಒಳಗಿಳಿದು ತಳ ತಿಕ್ಕಿದ್ದ. ರಾತ್ರಿ ಟ್ಯಾಂಕ್ ತುಂಬಿತ್ತು. ಐದೂವರೆಗೆ ವಾಲ್ವ್ ತಿರುಗಿಸಿದರೆ ನೀರು ಮನೆಮನೆಗೆ ಹೋಗುತ್ತದೆ. ತೊಳೆದ ಮರುದಿನ ಮೇಷ್ಟ್ರು ಮೊದಲ ಬಸ್ಸಿಗೇ ಬರುತ್ತಿದ್ದರು, ಅಂದೂ ಬಂದಿದ್ದರು. ಚಾವಿ ಆಗಲೇ ವಾಲ್ವಿಗೆ ಸಿಕ್ಕಿಸಿಯಾಗಿತ್ತು. ಐದೂ ಇಪ್ಪತ್ತಕ್ಕೆ ಮದುಮಗ ಬಂದು ನಿಂತ. ಮುಖ ಬಿಳಿಚಿತ್ತು.

"ಸರ್, ನನಗೆ ಭೇದಿ ಆಗೈತೆ... ನಿನ್ನೆ ಇಳಿದಾಗ್ಲೂ ಇತ್ರಿ. ಮಾವನ ಮನೆ ಹೋಳಿಗೆ ಜಾಸ್ತಿ ಆಯ್ತೇನೋ ಅಂತ ಇವ್ರೆಲ್ಲ ಆಡ್ಕೋತಾರಂತ ಹೇಳ್ಲಿಲ್ರಿ."

ಮೇಷ್ಟ್ರು ಬೈಯಲಿಲ್ಲ. ವಾಲ್ವಿನಿಂದ ಚಾವಿ ಕಿತ್ತು ನನ್ನ ಕೈಗಿಟ್ಟರು. "ಇದನ್ನ ತಗೊಂಡು ದೂರ ಹೋಗ್ರಿ." ಆಮೇಲೆ ಅವನಿಗೆ, "ಶಾಬಾಸ್, ಹೇಳಿದ್ಯಲ್ಲ. ಡಾಕ್ಟ್ರಿಗೆ ತೋರಿಸಿ ಮನೆಗೆ ನಡಿ" ಎಂದರು.

ತುಂಬಿದ ಟ್ಯಾಂಕನ್ನು ಚರಂಡಿಗೆ ಬಿಟ್ಟೆವು. ಬೆಳಕು ಹರಿಯುವಷ್ಟರಲ್ಲಿ ಖಾಲಿ ಕೊಡಗಳ ಸಮೇತ ಜನ ಸೇರಿದರು. ಸ್ಕೂಟರಿನಲ್ಲಿ ಬಂದ ಒಬ್ಬರು ಕೂಗಾಡಿದರು: "ಇಷ್ಟು ನೀರು ಚರಂಡಿಗೆ ಬಿಡ್ತೀರಲ್ಲ, ತಲೆ ಕೆಟ್ಟೈತೇನ್ರಿ?"

"ತಲೆ ಅಲ್ರಿ, ಹೊಟ್ಟೆ" ಎಂದರು ಮೇಷ್ಟ್ರು. "ನಿನ್ನೆ ಒಳಗೆ ಇಳಿದಾಗ ನನಗೆ ಭೇದಿ ಆಗಿತ್ತು. ಕುಡೀತೀರಾ ಹೇಳ್ರಿ, ಬಿಡ್ತೀನಿ."

ಹಿಂದಿನಿಂದ ಹೆಂಗಸೊಬ್ಬರು, "ಮೇಷ್ಟ್ರೇ, ಮಂಡಕ್ಕಿ ಜೊತೆ ಮಿರ್ಚಿ ಕಮ್ಮಿ ಮಾಡ್ರಿ!" ಎಂದರು. ಜನ ನಗುತ್ತಾ ಚದುರಿದರು. ಮತ್ತೆ ತೊಳೆದು, ಕ್ಲೋರಿನ್ ಹಾಕಿ ತುಂಬಿಸಿ, ನಾನು ಪರೀಕ್ಷಿಸಿದ ಮೇಲೆ ಮರುದಿನ ನೀರು ಬಿಟ್ಟೆವು. ಯಾರಿಗೂ ಏನೂ ಆಗಲಿಲ್ಲ.

ಆದರೂ ‘ಹೊಟ್ಟೆ ಕೆಟ್ಟ ಮೇಷ್ಟ್ರು’ ಎಂಬ ಹೆಸರು ಅವರಿಗೆ ಅಂಟಿಕೊಂಡಿತು. ಬಸ್ ನಿಲ್ದಾಣದಲ್ಲೂ "ಹೊಟ್ಟೆ ಹೆಂಗೈತ್ರಿ ಮೇಷ್ಟ್ರೇ?" ಎನ್ನುವವರಿದ್ದರು. ನಿಜ ಯಾಕೆ ಹೇಳಬಾರದು ಎಂದು ನಾನೊಮ್ಮೆ ಕೇಳಿದೆ. "ಅವನ ಹೆಸರು ಹೇಳಿದ್ರೆ ನಾಳೆ ಇನ್ಯಾರು ಬಾಯಿ ಬಿಡ್ತಾರ್ರಿ?" ಎಂದರು, ಕೈ ತೊಳೆಯುತ್ತಲೇ.

ನನ್ನನ್ನು ಕಾಡುತ್ತಿದ್ದುದು ವಾಲ್ವ್ ತಿರುಗಿಸಲು ಉಳಿದಿದ್ದ ಆ ಹತ್ತು ನಿಮಿಷ. ಅವನು ನಾಚಿಕೊಂಡು ಸುಮ್ಮನಿದ್ದಿದ್ದರೆ... ಕೊಡ ತುಂಬಿಸುವ ತಾಯಂದಿರು, ಶಾಲೆಗೆ ಬಾಟಲಿ ಒಯ್ಯುವ ಮಕ್ಕಳು... ವರ್ಷಗಳಾದರೂ ದಿನಾ ಐದೂ ಇಪ್ಪತ್ತಕ್ಕೇ ಬೆವರಿ ಏಳುತ್ತಿದ್ದೆ.

ಮೇಷ್ಟ್ರು ಹೋದ ವರ್ಷ ಹರಿಹರದಲ್ಲಿ ತೀರಿಕೊಂಡರು. ಈಗ ತರಬೇತಿ ನಾನೇ ಕೊಡುತ್ತೇನೆ. ಮೊನ್ನೆ ಹೊಸಬರ ಮುಂದೆ ಕೆಂಪು ಸೋಪು ಬಿಚ್ಚಿಟ್ಟು ಆ ವಾಕ್ಯ ಹೇಳಿ ಎಂದೆ. ಎಲ್ಲರೂ ತಲೆ ತಗ್ಗಿಸಿದರು. ಆಗ ಹಿಂದಿನ ಸಾಲಿನಲ್ಲಿದ್ದ ಅವರ ಮುಖ್ಯಸ್ಥ ಎದ್ದ. ಅದೇ ಮದುಮಗ, ಕೂದಲು ನರೆಯತೊಡಗಿದೆ.

"ಅವತ್ತು ಟ್ಯಾಂಕ್ ಖಾಲಿ ಮಾಡ್ಸಿದ್ದು ಮೇಷ್ಟ್ರ ಹೊಟ್ಟೆ ಅಲ್ರಪ್ಪ, ನಂದು. ಹೇಳ್ದೆ, ಸಾಯ್ಲಿಲ್ಲ. ಹೂಂ, ಒಬ್ಬೊಬ್ರೇ ಹೇಳ್ರಿ."

ಒಬ್ಬೊಬ್ಬರೇ ಎದ್ದು ಹೇಳಿದರು. ಕೇಳಲು ಮೇಷ್ಟ್ರೊಬ್ಬರೇ ಇರಲಿಲ್ಲ.

ಅವತ್ತು ರಾತ್ರಿ ನಾನು ಮಲಗಿದವನು ಎದ್ದಾಗ ಬೆಳಿಗ್ಗೆ ಏಳು ದಾಟಿತ್ತು. ನಲ್ಲಿಯಲ್ಲಿ ನೀರು ಬಂದು, ನಿಂತೂ ಹೋಗಿತ್ತು.